ಒನ್ಸ್ ಮೋರ್

ಮೇಲೆತ್ತಿದ ಕೈಗಳೇ ನನಗೆ ಮೊದಲು ನೆನಪಾಗುವುದು. ಚಂದ್ರಾಂಬಕ್ಕ ಹಾಡು ಮುಗಿಸುವಷ್ಟರಲ್ಲಿ ಮೈದಾನದ ತುಂಬ ಕೈಗಳೆದ್ದು, 'ಒನ್ಸ್ ಮೋರ್' ಎಂಬ ಕೂಗು ಕಿವಿ ಗಡಚಿಕ್ಕುತ್ತಿತ್ತು. ನಾನು ಅವಳ ಆರ್ಕೆಸ್ಟ್ರಾದಲ್ಲಿ ಢೋಲಕ್ ನುಡಿಸುತ್ತಿದ್ದೆ. ಜನ ಕೇಳಿದರೆ ಇನ್ನೊಮ್ಮೆ ಹಾಡಬೇಕು, ಅದು ನಮ್ಮ ಕಸುಬಿನ ಮರ್ಯಾದೆ.

ಆ ಹಾಡಿನಲ್ಲಿ ಅಂಥದ್ದೇನೂ ಇರಲಿಲ್ಲ. ದಿನವಿಡೀ ಜಗಲಿಯ ಮೇಲೆ ಕೂತು ಹುಕುಂ ಚಲಾಯಿಸುವ ಗಂಡನನ್ನು ಹೆಂಡತಿಯೊಬ್ಬಳು, 'ಇಳಿಯೋ ರಾಯ, ಜಗಲಿ ಗುಡಿಸಬೇಕು' ಎಂದು ಛೇಡಿಸುವ ಹಾಡು. ಆದರೆ ಊರನ್ನು ಆಳುತ್ತಿದ್ದ ಸರದಾರನಿಗೆ ಅದು ತನಗೇ ಹೇಳಿದಂತೆ ಕೇಳಿಸಿತು. ಹಾಡನ್ನು ನಿಷೇಧಿಸಿದ. ಅಲ್ಲಿಯವರೆಗೆ ಹಾಗೆ ಯೋಚಿಸಿರದ ಜನರೂ ಆಮೇಲೆ ಯೋಚಿಸತೊಡಗಿದರು. ಸಂತೆಯಲ್ಲಿ, ನಲ್ಲಿಯ ಮುಂದೆ, ಎಲ್ಲ ಕಡೆ ಅದೇ ಹಾಡು. ಕೆಂಚಣ್ಣನೆಂಬ ಮಗ್ಗದ ಕೆಲಸಗಾರ ಅದನ್ನೇ ಹಾಡಿಸುತ್ತ ಮೆರವಣಿಗೆ ಹೊರಡಿಸಿದ. ಸರದಾರ ರಾತ್ರೋರಾತ್ರಿ ಓಡಿಹೋದ. ಅಂದು ನಾನೂ ಬೀದಿಯಲ್ಲಿ ಕುಣಿದೆ. ಅಷ್ಟು ಸಂತೋಷ ಮತ್ತೆಂದೂ ಪಟ್ಟಿಲ್ಲ.

ವರ್ಷ ತುಂಬುವುದರೊಳಗೆ ಕೆಂಚಣ್ಣ ಸರದಾರನ ಬಂಗಲೆಯಲ್ಲಿದ್ದ. ಅವನಿಗೆ ಎದುರು ಮಾತಾಡಿದವರು ಮರುದಿನ ಊರಲ್ಲಿ ಕಾಣುತ್ತಿರಲಿಲ್ಲ. ವಿಜಯೋತ್ಸವಕ್ಕೆ ಬಂದು ಆ ಹಾಡು ಹಾಡಬೇಕೆಂದು ನಮಗೆ ಹೇಳಿಕಳುಹಿಸಿದ. ಚಂದ್ರಾಂಬಕ್ಕನ ಗಂಟಲಲ್ಲಿ ಆಗ ಗಂಟಾಗಿತ್ತು. ಹೆಚ್ಚು ಹಾಡಿದರೆ ದನಿಯೇ ಹೋದೀತೆಂದು ಡಾಕ್ಟರು ಎಚ್ಚರಿಸಿದ್ದರು.

"ಒಂದೇ ಸಲ ಹಾಡ್ತೀನಿ. ಬರಲ್ಲ ಅಂದ್ರೆ ಬಿಡ್ತಾರಾ?" ಎಂದಳು.

ಹಾಡು ಮುಗಿಯಿತು. ಕೈಗಳೆದ್ದವು. ಇನ್ನೊಮ್ಮೆ ಹಾಡಿದಳು. ಮತ್ತೆ ಎದ್ದವು. ಎಂದಿನ ಹುರುಪು ಆ ಕೂಗಿನಲ್ಲಿರಲಿಲ್ಲ. ಏನೋ ಸರಿಯಿಲ್ಲವೆನ್ನಿಸಿ, ಢೋಲಕ್ ನುಡಿಸುತ್ತಲೇ ಜನರತ್ತ ನೋಡಿದೆ. ಆಗ ಕಣ್ಣಿಗೆ ಬಿತ್ತು. ತೋಳಿಗೆ ಪಟ್ಟಿ ಕಟ್ಟಿದ ಕೆಂಚಣ್ಣನ ಹುಡುಗರು ಸಾಲುಗಳ ನಡುವೆ ಓಡಾಡುತ್ತ, ಯಾರ ಕೈ ಕೆಳಗಿಳಿಯುತ್ತದೆಂದು ನೋಡುತ್ತಿದ್ದರು. ಮೊದಲು ಸುಮ್ಮನಾಗಲು ಯಾರಿಗೂ ಧೈರ್ಯವಿಲ್ಲ. ಜನ ಕೂಗುತ್ತಲೇ ಇದ್ದರು, ಅವಳು ಹಾಡುತ್ತಲೇ ಇದ್ದಳು. ಮುಂದಿನ ಸೋಫಾದಲ್ಲಿ ಕೆಂಚಣ್ಣ ತಲೆದೂಗುತ್ತಿದ್ದ. ಹಾಡಿನ ರಾಯ ಈಗ ಯಾರೆಂದು ಆ ಮಹಾಶಯನಿಗೆ ಹೊಳೆಯಲೇ ಇಲ್ಲ.

ಅವಳ ದನಿ ಒಡೆಯಿತು. "ನಿಲ್ಲಿಸ್ಲಾ ಅಕ್ಕಾ?" ಎಂದೆ. ಅವಳು ನನ್ನ ಢೋಲಕ್ಕಿನ ಮೇಲೆ ಅಂಗೈ ಇಟ್ಟಳು. ಮೈಕಿನ ಹತ್ತಿರ ಬಾಗಿ, ಗೊಗ್ಗರು ದನಿಯಲ್ಲಿ, "ನಂಗೆ ಸಾಕಾಯ್ತು. ನಿಮಗೂ ಸಾಕಾಗಿದೆ. ಮನೆಗೆ ಹೋಗ್ರಪ್ಪ," ಎಂದಳು.

ಯಾರೂ ಅಲುಗಲಿಲ್ಲ. ಅಷ್ಟರಲ್ಲಿ ಕಡಲೆಕಾಯಿ ಮಾರುತ್ತಿದ್ದ ಹೆಂಗಸೊಬ್ಬಳು ಬುಟ್ಟಿ ಎತ್ತಿಕೊಂಡು, "ನಡೀರಿ, ಆಯಮ್ಮನ ಗಂಟ್ಲು ಹರಿದೋಯ್ತು," ಎನ್ನುತ್ತ ಹೊರಟಳು. ಅವಳ ಹಿಂದೆ ಒಂದು ಸಾಲು ಎದ್ದಿತು, ಆಮೇಲೆ ಇಡೀ ಮೈದಾನ. ಹುಡುಗರು ಯಾರನ್ನು ತಡೆಯಬೇಕೆಂದು ತಿಳಿಯದೆ ಕೆಂಚಣ್ಣನ ಮುಖ ನೋಡಿದರು. ಅವನು ಸೋಫಾ ಬಿಟ್ಟೇಳಲಿಲ್ಲ.

ನಾವು ಮೈಕಿನ ವೈರು ಸುತ್ತುವಾಗ ಅವನು ವೇದಿಕೆಯ ಬಳಿ ಬಂದ. "ನಾಳೆ ಎಲ್ಲಿ ಹಾಡ್ತೀಯಮ್ಮ?" ಎಂದು ಮೆಲ್ಲಗೆ ಕೇಳಿದ. ಅದು ಅಭಿಮಾನಿಯ ಪ್ರಶ್ನೆಯೋ ಆಳುವವನ ಪ್ರಶ್ನೆಯೋ ನನಗೆ ಇಂದಿಗೂ ತಿಳಿದಿಲ್ಲ. ಚಂದ್ರಾಂಬಕ್ಕ ಚಪ್ಪಲಿ ಮೆಟ್ಟಿಕೊಂಡು, ಜನ ಹೋದ ದಾರಿಯಲ್ಲೇ ನಡೆದುಹೋದಳು.