ಪೂಜೆ ಮಾಡಿದ ಪರದೆ

ಸುವರ್ಣಮ್ಮ ಮತ್ತೊಮ್ಮೆ ಕಂಪ್ಯೂಟರಿನ ಸ್ವಿಚ್ ಆರಿಸಿ ಹಾಕಿದಳು. ಪರದೆ ಕಪ್ಪಗೇ ಉಳಿಯಿತು. ಗಾಜಿನ ಮೇಲೆ ಆಯುಧಪೂಜೆಯ ವಿಭೂತಿಪಟ್ಟೆ, ನಡುವೆ ಕುಂಕುಮ. ಸಿರುಗುಪ್ಪದಿಂದ ಬಸ್ಸಿನಲ್ಲಿ ನಿಂತೇ ಬಂದವಳಿಗೆ ಅದನ್ನು ಒರೆಸುವಷ್ಟೂ ಹುರುಪಿರಲಿಲ್ಲ.

ಬಳ್ಳಾರಿಯಲ್ಲಿ ಕಂಪ್ಯೂಟರ್ ಎಂದರೆ ಜನ ಜಾತಕ ಕೇಳಲು ಬರುತ್ತಿದ್ದ ೧೯೮೯ರ ಮಾತು. ಗಾಂಧಿನಗರದ ಈ ಕಚೇರಿಯ ಯುನಿಕ್ಸ್ ಕಂಪ್ಯೂಟರು ಕಾಲುವೆ, ಗದ್ದೆಗಳ ನಕ್ಷೆಯನ್ನು ಪರದೆಯ ಮೇಲೆ ಬಿಡಿಸುತ್ತಿತ್ತು. ಅದನ್ನು ನಡೆಸುವ ಕೆಲಸ ಸುವರ್ಣಮ್ಮನದು. ಮಾಲೀಕ ಹಾಲಸಿದ್ದಪ್ಪ ಅದನ್ನು ಆರಿಸಗೊಡುತ್ತಿರಲಿಲ್ಲ. ಕರೆಂಟು ಹೋದರೆ ಬ್ಯಾಟರಿ ಇತ್ತು. ಆಯುಧಪೂಜೆಗೆ ಮಾತ್ರ ಲಾರಿ, ತಕ್ಕಡಿಗಳ ಹಾಗೆ ಅದಕ್ಕೂ ರಜೆ. ಆರಿಸಿ, ಒರೆಸಿ, ಪೂಜೆ ಮಾಡಿದವನು ಜವಾನ ಮೂಕಪ್ಪ.

"ತೀರ್ಥ ಎಷ್ಟು ಹೊಡದಿ ಲೇ?" ಹಾಲಸಿದ್ದಪ್ಪ ಅವನನ್ನು ಕೇಳಿದ.

"ಎಲಿಯಿಂದ ಒಂದೀಟು ಚಿಮುಕಿಸೀನ್ರಿ."

"ಒಂದೀಟೇ ಸಾಕಾತು. ನಾಳಿಂದ ಕುರುಗೋಡಿನ ಗೋದಾಮಿಗೆ ಹೋಗು."

ಮೂಕಪ್ಪ ಪಡಸಾಲೆಗೆ ಹೋಗಿ ಕೂತ. ಪಾರ್ವತಿನಗರದ ಮನೆಯಲ್ಲಿ ಅವನ ಹೆಂಡತಿ ಅಂಬಮ್ಮ ಲಕ್ವ ಹೊಡೆದು ಮಲಗಿದ್ದಳು. ಮಧ್ಯಾಹ್ನ ಓಡಿಹೋಗಿ ಉಣಿಸಿ ಬರುತ್ತಿದ್ದ. ಅಷ್ಟು ದೂರದ ಕುರುಗೋಡಿಗೆ ಹೋದರೆ ಆಕೆಯ ಬಾಯಿಗೆ ತುತ್ತಿಡುವವರು ಯಾರೂ ಇರಲಿಲ್ಲ. ಇದು ಹಾಲಸಿದ್ದಪ್ಪನಿಗೂ ಗೊತ್ತಿತ್ತು. ಗೊತ್ತಿರುವುದೆಲ್ಲ ಸಿಟ್ಟಿನಲ್ಲಿ ನೆನಪಿರಬೇಕೆಂದೇನಿಲ್ಲ.

ಕಂಪ್ಯೂಟರಿನ ಪೆಟ್ಟಿಗೆಯ ಕೆಂಪು ದೀಪ ಎಂದಿನಂತೆ ಮಿನುಗುತ್ತಿತ್ತು. ಮಷೀನು ಸತ್ತಿಲ್ಲ, ಚಿತ್ರವಷ್ಟೇ ಬರುತ್ತಿಲ್ಲ. ಸುವರ್ಣಮ್ಮ ಪಕ್ಕದ ಕೋಣೆಗೆ ಹೋಗಿ, ಬರೀ ಅಕ್ಷರ ತೋರಿಸುವ ಹಳೆಯ ಟರ್ಮಿನಲ್ ಮುಂದೆ ಕೂತಳು. ತನ್ನ ಹೆಸರು ಒತ್ತಿದ ಕೂಡಲೇ ಮಷೀನು ಉತ್ತರ ಕೊಟ್ಟಿತು. ಪರದೆಯ ಅಳತೆಗಳಿದ್ದ ಫೈಲು ತೆರೆದಳು.

ಹೋದ ಪಕ್ಷ, ದೊಡ್ಡ ಮಾನಿಟರ್ ಬರುತ್ತದೆಂದು ಕೇಳಿ, ಹಳೆಯ ಅಳತೆ ಅಳಿಸಿ ಹೊಸದನ್ನು ಬರೆದಿಟ್ಟವಳು ಇವಳೇ. ಮಾನಿಟರ್ ಬರಲಿಲ್ಲ, ಇವಳು ಮರೆತಳು. ಚಿತ್ರ ಬಿಡಿಸುವ ಪ್ರೋಗ್ರಾಮು ಆ ಫೈಲನ್ನು ಓದುವುದು ಶುರುವಾಗುವಾಗ ಮಾತ್ರ. ಪೂಜೆಯವರೆಗೂ ಹಳೆಯ ಅಳತೆಯಲ್ಲೇ ನಡೆದಿತ್ತು. ಈಗ ಆರಿಸಿ ಹಾಕಿದ ಮೇಲೆ, ಈ ಚಿಕ್ಕ ಮಾನಿಟರು ತಾಳಲಾರದ ಅಳತೆಯನ್ನು ಕಳಿಸುತ್ತಿತ್ತು.

ಹಳೆಯ ಅಂಕಿಗಳನ್ನು ಬರೆದು, ಆ ಪ್ರೋಗ್ರಾಮನ್ನು ನಿಲ್ಲಿಸಿ ಮತ್ತೆ ಶುರುಮಾಡಿದಳು.

"ಬಂತು ಬರ್ರಿ," ಆಚೆಯಿಂದ ಹಾಲಸಿದ್ದಪ್ಪ ಕೂಗಿದ. ಪರದೆಯ ಮೇಲೆ ಸಿರುಗುಪ್ಪದ ಕಾಲುವೆ ಮೂಡಿತ್ತು. "ನೀರು ಆರಿರಬೇಕು."

"ನೀರಲ್ರಿ ಸಾವ್ಕಾರ್ರ. ತಪ್ಪು ನಂದು. ಹೊಸ ಮಾನಿಟರಿನ ಅಳತಿ ಮೊದ್ಲೇ ಬರದಿಟ್ಟಿದ್ದೆ."

ಹಾಲಸಿದ್ದಪ್ಪ ನಕ್ಕ. "ಬರದ ದಿನ ಕೆಡಲಿಲ್ಲ, ತೀರ್ಥ ಹೊಡದ ಮ್ಯಾಲೆ ಕೆಟ್ಟಿತೇನು? ಮೂಕಪ್ಪನ್ನ ಉಳಿಸಾಕ ಇಷ್ಟೆಲ್ಲ ಯಾಕ್ರಿ."

"ಹಂಗಲ್ರಿ, ಅದು ಚಾಲೂ ಆಗೋ ಮುಂದ ಅಷ್ಟೇ ಓದತೈತಿ..."

ಅವನು ಕೈ ಎತ್ತಿದ. "ಆತು ಬಿಡ್ರಿ, ನಿಮ್ಮ ಮಾರಿ ನೋಡಿ ಬಿಟ್ಟೀನಿ. ಇಲ್ಲೇ ಇರ್ಲಿ. ಆದ್ರ ಈ ಕೋಣ್ಯಾಗ ಕಾಲಿಡಬಾರ್ದು."

ಇನ್ನೊಂದು ಮಾತು ಆಡಬಹುದಿತ್ತು. ಆದರೆ ಅವಳಿಗೆ ಸಾಕಾಗಿಹೋಗಿತ್ತು. ಮೂಕಪ್ಪ ಉಳಿದನಲ್ಲ ಎಂದುಕೊಂಡಳು. ಹಾಗೆಂದುಕೊಂಡದ್ದಕ್ಕೆ ತನ್ನ ಮೇಲೇ ಹೇಸಿಗೆಯಾಯಿತು. ಹೊರಗೆ ಬಂದು, ಪಡಸಾಲೆಯಲ್ಲಿ ಕೂತಿದ್ದವನಿಗೆ ಹೇಳಿದಳು. "ಮೂಕಪ್ಪಣ್ಣ, ನಿನ್ನ ತೀರ್ಥದಿಂದ ಏನೂ ಆಗಿಲ್ಲ. ಕೆಡಿಸಿದಾಕಿ ನಾನು."

ಒಳಗಿನ ಮಾತು ಕೇಳಿಸಿಕೊಂಡಿದ್ದ ಅವನು ಎದ್ದು ಕೈಮುಗಿದ. "ಹಂಗನಬ್ಯಾಡ್ರಿ ಅಕ್ಕಾರ. ನನ್ನ ಕೈಯೇ ಸರಿ ಇಲ್ಲ. ನೀವು ಅಂಬಮ್ಮನ ಹೊಟ್ಟಿ ತಣ್ಣಗಿಟ್ರಿ."

ಸಂಜೆ ಮೂಕಪ್ಪ ಚಹಾ ತಂದ. ದಿನಾ ಮೇಜಿಗೇ ತಂದಿಡುತ್ತಿದ್ದವನು ಕಂಪ್ಯೂಟರಿನ ಕೋಣೆಯ ಬಾಗಿಲಲ್ಲೇ ನಿಂತ. ಅವಳು ಏಳುವಷ್ಟರಲ್ಲಿ ಹೊರಗೇ ಕುಕ್ಕರಗಾಲಲ್ಲಿ ಕೂತು, ಲೋಟವನ್ನು ಹೊಸ್ತಿಲ ಒಳಗೆ ನೆಲದ ಮೇಲಿಟ್ಟು, ಚೆಲ್ಲದ ಹಾಗೆ ಮೆಲ್ಲಗೆ ಅವಳ ಕಡೆ ಸರಿಸಿದ.