ಓದೋರಿಗಾ, ಇಡೋರಿಗಾ

ಚಿನ್ನ ಸರಿಯಾಗಿ ಕೂತಿಲ್ಲ, ಪುಸ್ತಕದ ಬೆನ್ನಿನ ಮೇಲಿನ ಅಕ್ಷರದ ಕೊಂಬು ಅರ್ಧಕ್ಕೇ ನಿಂತಿದೆ, ಅಚ್ಚು ಬಿಸಿಯಾಗುವ ಮೊದಲೇ ಒತ್ತಿದ್ದಾನೆ ಯಾವನೋ ಅವಸರದವನು, ಆದರೂ ಎಲ್ಲರೂ ಅದನ್ನೇ ಎತ್ತಿಕೊಂಡು ಆಹಾ ಎನ್ನುತ್ತಿದ್ದಾರೆ, ರಜೆ ಬಂತೆಂದರೆ ಈ ಅಂಗಡಿ ತುಂಬ ಇಂಥವರೇ, ವಿಶೇಷ ಆವೃತ್ತಿಯನ್ನು ಕೆನ್ನೆಗೆ ಒತ್ತಿಕೊಂಡು ಫೋಟೋ ತೆಗೆಸಿಕೊಳ್ಳುವವರು, ನಮ್ಮ ಸೋಫಾಕ್ಕೆ ಮ್ಯಾಚ್ ಆಗೋ ನೀಲಿ ಇದೆಯಾ ಎಂದು ಕೇಳುವವರು, ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ — ಆ ಹೆಂಗಸು ನೋಡು, ರಟ್ಟಿನ ಬಟ್ಟೆಯನ್ನು ಉಗುರಿನಿಂದ ಕೆರೆಯುತ್ತಿದ್ದಾಳೆ, ಕೆರಿಯಮ್ಮ ಕೆರಿ, ಗುಳ್ಳೆ ಏಳದ ಹಾಗೆ ಅದನ್ನು ಅಂಟಿಸಲು ನನ್ನಂಥವಳೊಬ್ಬಳು ಬೆನ್ನು ಬಗ್ಗಿಸಿರುತ್ತಾಳೆ. ಪುಸ್ತಕ ಕಟ್ಟುವವಳು ನಾನು, ಅಕ್ಕನ ಮನೆಯ ಮಾತಿನಲ್ಲಿ ಗೋಂದು ಹಚ್ಚುವವಳು, ಭಾವ ನೆಂಟರಿಗೆ ನನ್ನನ್ನು ಪರಿಚಯಿಸುವುದೇ ಹಾಗೆ, ಇವಳು ನಮ್ಮನೆಯವಳ ತಂಗಿ, ಪುಸ್ತಕಕ್ಕೆ ಗೋಂದು ಹಚ್ತಾಳೆ, ಹೇಳಿ ನಗುತ್ತಾನೆ, ಎದುರಿಗೆ ಬನ್ನಿ ಭಾವ ಕೂತ್ಕೊಳ್ಳಿ ಭಾವ ಎನ್ನುತ್ತೇನೆ, ಮನಸ್ಸಿನಲ್ಲಿ ಏಕವಚನವೇ. ಅಕ್ಕ ನಗುವುದಿಲ್ಲ, ತಡೆಯುವುದೂ ಇಲ್ಲ, ಅದೇ ನನಗೆ ಉರಿಯುವುದು, ಒಂದು ಸಲ ಸುಮ್ನಿರಿ ಎಂದರೆ ಅವಳ ಬಾಯಿಯ ಮುತ್ತು ಉದುರಿಹೋಗುತ್ತಿತ್ತೇ, ಆದರೂ ಪ್ರತಿ ರಜೆಗೂ ಅವಳಿಗೊಂದು ಪುಸ್ತಕ ಒಯ್ಯುತ್ತೇನೆ, ನಾನೇ ಕಟ್ಟಿದ್ದು, ಅಂಚಿಗೆ ಚಿನ್ನ, ನಡುವೆ ಕೆಂಪು ರಿಬ್ಬನ್, ಎಲ್ಲಿಯವರೆಗೆ ಓದಿದೆವೆಂದು ಗುರುತಿಗೆ ಇಡುವ ರಿಬ್ಬನ್ನು, ಅದನ್ನು ನಟ್ಟನಡುವಿನ ಪುಟದಲ್ಲಿ ಸುರುಳಿ ಮಾಡಿ ಮಲಗಿಸುವುದು ನನ್ನ ಕೈಯ ರೂಢಿ, ಮತ್ತು ಆ ಮನೆಯ ಗಾಜಿನ ಕಪಾಟಿನಲ್ಲಿರುವ ಒಂದೊಂದು ಪುಸ್ತಕದಲ್ಲೂ ರಿಬ್ಬನ್ ನಾನು ಮಲಗಿಸಿದ ಹಾಗೇ ಮಲಗಿದೆ, ಭಾವ ನೆಂಟರಿಗೆ ತೋರಿಸಲು ತೆಗೆದಾಗಲೆಲ್ಲ ನೋಡಿದ್ದೇನೆ, ಸುರುಳಿ ಬಿಚ್ಚಿಲ್ಲ, ಚಿನ್ನದಂಚು ಅಂಟಿಕೊಂಡದ್ದು ಅಂಟಿಕೊಂಡ ಹಾಗೇ ಇದೆ, ಒಬ್ಬರೂ ಒಂದು ಪುಟ ತೆರೆದಿಲ್ಲ. ಅಕ್ಕ ಮಾತ್ರ ಪ್ರತಿ ಸಲ ಫೋನ್ ಮಾಡಿ ಚೆನ್ನಾಗಿತ್ತು ಕಣೇ ಎನ್ನುತ್ತಾಳೆ.

ಓದುವುದಂತೆ, ಅವಳು ಓದುತ್ತಿದ್ದ ಕಾಲ ನನಗೆ ಗೊತ್ತಿಲ್ಲವೇ, ಅಮ್ಮನದೊಂದು ಕಟ್ಟಳೆ ಇತ್ತು, ಕೈಯಲ್ಲಿ ಪುಸ್ತಕ ಇರೋರನ್ನ ಯಾರೂ ಕೆಲಸಕ್ಕೆ ಕರೀಬಾರ್ದು, ಅಷ್ಟೇ ಸಾಕಾಯಿತು ಅಕ್ಕನಿಗೆ, ಬೆಳಗೆದ್ದರೆ ಪುಸ್ತಕ, ಹಾಲು ಉಕ್ಕಿ ಒಲೆಯೆಲ್ಲ ಹರಿದರೂ ಪುಸ್ತಕ, ಅಮ್ಮ ಕಣ್ಣಲ್ಲೇ ನನ್ನತ್ತ ಸನ್ನೆ ಮಾಡುವಳು, ಪುಸ್ತಕ ಅವಳ ಕೈಗೆ, ಪಾತ್ರೆ ನನ್ನ ಕೈಗೆ, ಪಕ್ಕದಲ್ಲಿ ನಿಂತು ಕಿವಿಯ ಹತ್ತಿರ ತಟ್ಟೆ ಬಡಿದರೂ ಅವಳು ತಲೆ ಎತ್ತುತ್ತಿರಲಿಲ್ಲ, ಅಲ್ಲಿರುತ್ತಲೇ ಇರಲಿಲ್ಲ ಅವಳು — ಈಗ ಗಾಜಿನ ಕಪಾಟಿನ ಮನೆಯೊಡತಿ, ಓದದೆಯೇ ಹೊಗಳುವ ಜಾಣೆ, ಇರಲಿ, ಈ ಸಲ ಸಿಕ್ಕಿಬಿದ್ದಿದ್ದಾಳೆ. ಹೋದ ವರ್ಷ ಅವಸರದಲ್ಲಿ ನಾನು ಡಮ್ಮಿಯನ್ನೇ ಸುತ್ತಿ ಕೊಟ್ಟುಬಿಟ್ಟಿದ್ದೆ, ಪ್ರೆಸ್ಸಿನಲ್ಲಿ ಪುಸ್ತಕ ಅಚ್ಚಾಗುವ ಮೊದಲೇ ಬೆನ್ನು ಎಷ್ಟು ದಪ್ಪ ಬರುತ್ತದೆ ನೋಡಲೆಂದು ಖಾಲಿ ಹಾಳೆ ಇಟ್ಟು ಒಂದನ್ನು ಕಟ್ಟುತ್ತೇವಲ್ಲ, ಅದೇ ಡಮ್ಮಿ, ಅದೇ ಬಟ್ಟೆ, ಅದೇ ಚಿನ್ನ, ಅದೇ ರಿಬ್ಬನ್, ಒಳಗೆ ಒಂದಕ್ಷರವಿಲ್ಲ, ಮೇಲೆ ಥಳುಕು ಒಳಗೆ ಬರೀ ಬಿಳುಪು. ಮಾರನೆಯ ದಿನ ಅಚ್ಚಾದ ಪ್ರತಿ ನನ್ನ ಮೇಜಿನ ಮೇಲೇ ಕೂತಿದ್ದನ್ನು ನೋಡಿದೆ, ಈಗ ಫೋನ್ ಬರುತ್ತದೆ, ಇನ್ನೇನು ಬರುತ್ತದೆ ಎಂದು ಕಾದೆ, ಬಂತು ವಾರ ಕಳೆದು, ಓದ್ತಾ ಇದೀನಿ ಕಣೇ, ಅತ್ತುಬಿಟ್ಟೆ. ಅತ್ತುಬಿಟ್ಟಳಂತೆ ಮಹಾರಾಯಿತಿ, ಖಾಲಿ ಹಾಳೆ ಓದಿ, ಪ್ರೆಸ್ಸಿನಲ್ಲಿ ಹೇಳಿದೆ, ಕತ್ತರಿಸುವವನಿಂದ ಹಿಡಿದು ಹೊಲಿಯುವವಳವರೆಗೆ ಹೊಟ್ಟೆ ಹಿಡಿದುಕೊಂಡು ನಕ್ಕರು, ನಾನು ಎಲ್ಲರಿಗಿಂತ ಹೆಚ್ಚು ನಕ್ಕೆ. ಅದಕ್ಕೇ ಈಗ ಇಲ್ಲಿ ನಿಂತಿದ್ದೇನೆ, ಮೇಜಿನ ಮೇಲಿದ್ದದ್ದು ಆಗಲೇ ಮಾರಾಟಕ್ಕೆ ಹೋಗಿತ್ತು, ಅದೇ ಪುಸ್ತಕದ ಅಚ್ಚಾದ ಇನ್ನೊಂದು ಪ್ರತಿ ಕೈಯಲ್ಲಿದೆ, ರಜೆಗೆ ನೆಂಟರೆಲ್ಲ ಊಟಕ್ಕೆ ಕೂತಾಗ ಕೊಟ್ಟು ಹೇಳುವುದು, ಅಕ್ಕ, ನೀನು ಓದಿ ಅತ್ತೆಯಲ್ಲ, ಆ ಪ್ರತಿ ತಗೊಂಡ್ಬಾ, ಎರಡನ್ನೂ ಪಕ್ಕದಲ್ಲಿಟ್ಟು ನೋಡೋಣ, ಆಮೇಲೆ ಅವಳ ಮುಖ ನೋಡುವುದು. ಒಂದು ವರ್ಷದಿಂದ ಈ ಮಾತಿಗೆ ಉಪ್ಪು ಖಾರ ಹಚ್ಚಿ ಇಟ್ಟುಕೊಂಡಿದ್ದೇನೆ.

ಸಾಲು ಸರಿಯಿತು, ಗಲ್ಲಾದ ಹಿಂದಿರುವ ಹುಡುಗಿ ಮುಖ ಎತ್ತದೆ ಕೇಳುತ್ತಾಳೆ, ಓದೋರಿಗಾ ಮೇಡಂ, ಇಡೋರಿಗಾ, ಇಡೋರಿಗಾದ್ರೆ ಪ್ಲಾಸ್ಟಿಕ್ ಸುತ್ತಿರೋದು ಕೊಡ್ತೀನಿ, ಓದೋರಿಗಾದ್ರೆ ಇದೇ ಆಗುತ್ತೆ — ಎಂಥ ಪ್ರಶ್ನೆ, ಇಡೋರಿಗೇ ಕಣಮ್ಮ, ಗಾಜಿನೊಳಗೆ ಇಡೋರಿಗೆ, ಹೇಳಬೇಕು, ಬಾಯಿ ತೆರೆದಿದೆ, ಆದರೆ ಆ ಡಮ್ಮಿ ಗಾಜಿನೊಳಗೆ ಇರಲಿಲ್ಲವಲ್ಲ, ಹೋದ ತಿಂಗಳು ಊಟಕ್ಕೆ ಕರೆದಾಗ ಗಾಜಿನ ಹೊರಗಿನಿಂದಲೇ ಕಪಾಟನ್ನೆಲ್ಲ ಹುಡುಕಿದೆ, ಇರಲಿಲ್ಲ, ಅಡುಗೆಮನೆಯ ಕಿಟಕಿಯಲ್ಲಿ ಇತ್ತು, ಪಾತ್ರೆ ತೊಳೆಯುವ ಸೋಪಿನ ಪಕ್ಕ, ನನ್ನ ಕೆಲಸಕ್ಕೆ ಇಷ್ಟು ಮರ್ಯಾದೆ ಎಂದು ಮೈಯೆಲ್ಲ ಉರಿಯಿತು. ಊಟದ ಹೊತ್ತಿಗೆ ಭಾವನೇ ಮಾತು ತೆಗೆದ, ಕಪಾಟಿನ ಪುಸ್ತಕ ಮುಟ್ಬೇಡ ಅಂದಿದೀನಿ ಇವಳಿಗೆ, ಎಣ್ಣೆ ಕೈ, ಚಿನ್ನ ಹೋಗುತ್ತೆ, ಬೀಗದ ಕೈ ನನ್ನ ಹತ್ರನೇ ಇರುತ್ತೆ, ಗೋಂದಿನವಳು ತಂದ ಖಾಲಿ ಪುಸ್ತಕ ಒಂದಿತ್ತಲ್ಲ, ಅದನ್ನ ಕೊಟ್ಟಿದೀನಿ, ಓದೋಕೆ ಅಷ್ಟು ಸಾಕು ಇವಳಿಗೆ, ಎಲ್ಲರೂ ನಕ್ಕರು, ನಾನೂ ನಕ್ಕೆ, ಅಕ್ಕ ನೀರು ಹಾಕುತ್ತಿದ್ದಳು, ಇವಳೇ ಉಪ್ಪು, ಇವಳೇ ಚಮಚ, ಇವಳೇ ಆ ಬಾಗಿಲು ಹಾಕು ಎಂದು ಭಾವ ಕೂಗುತ್ತಲೇ ಇದ್ದ, ಮೂರು ತುತ್ತು ನೆಟ್ಟಗೆ ಕೂತು ತಿನ್ನಲಿಲ್ಲ ಅವಳು, ನನಗೆ ಅದೂ ಒಂದು ಬಗೆಯಲ್ಲಿ ಹಿತವೇ ಆಗಿತ್ತು, ಈಗ ತಗೋ, ಪಾತ್ರೆ ನಿನ್ನ ಕೈಗೆ ಬಂತು. ಕೈ ತೊಳೆಯುವ ನೆಪದಲ್ಲಿ ಅಡುಗೆಮನೆಗೆ ಹೋಗಿ ಆ ಡಮ್ಮಿ ತೆಗೆದೆ, ರಿಬ್ಬನ್ ನಡುವೆ ಇರಲಿಲ್ಲ, ಸುರುಳಿ ಬಿಚ್ಚಿತ್ತು, ಕೊನೆಯ ಹಾಳೆಗಳ ಹತ್ತಿರ ಬಂದಿತ್ತು, ಅಲ್ಲಲ್ಲಿ ಹಾಳೆ ಉಬ್ಬಿತ್ತು, ನೀರಿನ ಲೋಟ ಇಟ್ಟಿದ್ದಾಳೆ ದರಿದ್ರದವಳು ಎಂದು ಬೈದುಕೊಂಡು ಅಲ್ಲೇ ಇಟ್ಟು ಬಂದೆ.

ಮೇಡಂ, ಓದೋರಿಗಾ — ತಡಿ ತಡಿ, ಲೋಟ ಇಟ್ಟರೆ ಬಳೆಯ ಹಾಗೆ ಗುಂಡಗೆ ಗುರುತಾಗುತ್ತದೆ, ರಟ್ಟಿನ ಮೇಲಾಗುತ್ತದೆ, ಒಳಗಿನ ಹಾಳೆಯ ಮೇಲೆ ಯಾರು ಲೋಟ ಇಡುತ್ತಾರೆ, ಅದೂ ಅಷ್ಟಷ್ಟು ಹಾಳೆ ಬಿಟ್ಟು ಮತ್ತೊಂದರಲ್ಲಿ, ಹುಟ್ಟಿದಾಗಿನಿಂದ ಕಾಗದ ಮುಟ್ಟಿದವಳು ನಾನು, ಹನಿ ಬಿದ್ದು ಒಣಗಿದ ಕಾಗದ ಮತ್ತೆ ಸಪಾಟಾಗುವುದಿಲ್ಲ, ಕೆಳಗಿನ ಮೂಲೆಯಲ್ಲಿ ಸಣ್ಣ ಸಣ್ಣ ಬೊಟ್ಟು, ಮುಖ ಬಗ್ಗಿಸಿ ಹಿಡಿದಾಗ ಕಣ್ಣಿನ ಹನಿ ಬೀಳುವ ಜಾಗ. ಸುಳ್ಳು, ನಾಟಕ, ಅವಳಿಗೇನು ಕೊರತೆ — ಕೈಯಲ್ಲಿ ಪುಸ್ತಕ ಇರೋರನ್ನ ಯಾರೂ ಕರೀಬಾರ್ದು, ಆ ಮನೆಗೆ ಅಮ್ಮನ ಕಟ್ಟಳೆ ಗೊತ್ತೇ, ಗೊತ್ತಿಲ್ಲ, ಆದರೂ ಹಿಡಿದುಕೊಂಡು ಕೂತಿದ್ದಳೇ, ಸೋಪಿನ ಪಕ್ಕ ನಿಂತು ಹಾಳೆ ತಿರುವುತ್ತಿದ್ದಳೇ, ತಿರುವಿದ ಮೇಲೆ ರಿಬ್ಬನ್ ಸರಿಸಿ ಇಡುತ್ತಿದ್ದಳೇ, ನಾಳೆ ಇಲ್ಲಿಂದ ಎಂದು — ಮೊನ್ನೆ ಫೋನಿನಲ್ಲಿ ಪಿಸುಗುಟ್ಟಿದಳಲ್ಲ, ಈ ಸಲ ಏನು ತರ್ತೀಯೋ ಗೊತ್ತಿಲ್ಲ, ಆದ್ರೆ ಹೋದ ಸಲದ ಥರದ್ದೇ ಆದ್ರೆ ಚೆನ್ನಾಗಿರುತ್ತೆ ಕಣೇ, ಅದು ಮುಗೀತಾ ಬಂತು, ನಾನು ಏನಂದೆ, ಅಬ್ಬಾ ಎಷ್ಟು ಧೈರ್ಯ ಇವಳಿಗೆ ಎಂದು ಫೋನಿಟ್ಟು ನಕ್ಕೆ. ಪ್ಯಾಕ್ ಮಾಡ್ಲಾ ಮೇಡಂ, ಹಿಂದೆ ಜನ ಕಾಯ್ತಿದ್ದಾರೆ, ಸೋಫಾಕ್ಕೆ ನೀಲಿ ಹುಡುಕುತ್ತಿದ್ದವರು ಬೆನ್ನಿಗೆ ತಾಗಿ ನಿಂತು ಲೊಚಗುಟ್ಟುತ್ತಿದ್ದಾರೆ, ಏನ್ರೀ ಬೇಗ ಹೇಳಿ, ಅಕ್ಷರ ತುಂಬಿದ ಪುಸ್ತಕ ಕೈಯಲ್ಲಿದೆ, ಇದನ್ನು ಒಯ್ದರೆ ಗಾಜಿನೊಳಗೆ ಹೋಗುತ್ತದೆ, ಬೀಗ ಬೀಳುತ್ತದೆ, ಓದೋರಿಗಾ ಇಡೋರಿಗಾ, ಹಾಳಾಗಲಿ, ಏನೋ ಒಂದು ಹೇಳು — ಬಿಳಿ ಹಾಳೆ, ಕೆಳಗಿನ ಮೂಲೆಯಲ್ಲಿ ಉಬ್ಬಿದ ಬೊಟ್ಟು, ಅದರ ಮೇಲೆ ಕೆಂಪು ರಿಬ್ಬನ್, ಕೊನೆಗೆ ಇನ್ನು ಕೆಲವೇ ಹಾಳೆ, ಬಿಳಿ ಹಾಳೆ, ಕೆಂಪು ರಿಬ್ಬನ್