ನೂತನಳ ಅಂಗೈ

ಇಚಲಕರಂಜಿಯ ಆ ಓಣಿಯಲ್ಲಿ ನೂತನಳ ಜೋಳದ ರೊಟ್ಟಿ ಉಣ್ಣದವರಿರಲಿಲ್ಲ. ಗಡಹಿಂಗ್ಲಜದಿಂದ ಮದುವೆಯಾಗಿ ಬಂದ ಹೊಸದರಲ್ಲೇ ಮನೆಯ ಮುಂದಿನ ಕೋಣೆಯಲ್ಲಿ ಖಾನಾವಳಿ ಶುರು ಮಾಡಿದ್ದಳು. ಗಂಡ ಕೃಷ್ಣಾ ಹತ್ತಿರದ ಪಾವರ್‌ಲೂಮ್ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ. ಪಾಳಿ ಮುಗಿಸಿದ ಅವನ ಜೊತೆಗಾರರೆಲ್ಲ ಇಲ್ಲಿಗೇ ಊಟಕ್ಕೆ ಬರುತ್ತಿದ್ದರು; ಅತ್ತಿಗೆಯೆಂಬ ಸಲಿಗೆಯಿಂದ ಅವಳನ್ನು ವೈನಿ ಅನ್ನುತ್ತಿದ್ದರು.

ಹೋದ ವರ್ಷ ಅವಳ ತಂದೆ ತೀರಿಕೊಂಡರು. ಆ ದುಃಖ ಆರುವ ಮೊದಲೇ ಅಂಗೈಯಲ್ಲಿ ಕೆಂಪು ಕಲೆಗಳೆದ್ದವು. ಒಲೆಯ ಕಾವು ಅಂದುಕೊಂಡರು. ಆಮೇಲೆ ಚರ್ಮ ಹೊಟ್ಟಿನಂತೆ ಉದುರಿ, ಬಿರುಕು ಬಿಟ್ಟಿತು. ಒಂದು ದಿನ ಕೃಷ್ಣಾನ ಜೊತೆಗಾರ ಧೋಂಡಿಬಾ ರೊಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿ, ಮೆಲ್ಲಗೆ ತಟ್ಟೆಯ ಅಂಚಿಗೆ ಸರಿಸಿದ. ಪಲ್ಯ ಬಡಿಸಲು ಬಂದ ನೂತನ ಅದನ್ನು ಕಂಡಳು. ಮರುದಿನ ಅವನು ಬರಲಿಲ್ಲ. "ಡ್ಯೂಟಿ ಬದಲಾಗೇತ್ರಿ ವೈನಿ" ಅನ್ನುತ್ತ ಒಬ್ಬೊಬ್ಬರೇ ಬರುವುದನ್ನು ನಿಲ್ಲಿಸಿದರು.

ಕೃಷ್ಣಾ ಧೋಂಡಿಬಾನನ್ನು ಕಾರ್ಖಾನೆಯ ಗೇಟಿನಲ್ಲೇ ಹಿಡಿದ.

"ಅದು ಅಂಟೂದಲ್ಲೋ ಮಾರಾಯಾ. ದಿನಾ ತಿಂತೀನಿ, ನನಗೇನರೆ ಆಗೇತೇನು?"

"ಗೊತ್ತೈತಿ. ವೈನಿ ದೇವರಂಥಾಕಿ. ಆದ್ರ ಗಂಟಲದಾಗ ಇಳಿಯಾಂಗಿಲ್ಲಪಾ, ಏನ ಮಾಡ್ಲಿ?"

ಕೃಷ್ಣಾ ಜಗಳ ಕಾಯದೆ ದಾರಿ ಬಿಟ್ಟ.

ನೂತನ ಕೈ ತೊಳೆಯತೊಡಗಿದಳು. ಬಟ್ಟೆ ಸೋಪು ಹಚ್ಚಿ, ಬ್ರಶ್ಶಿನಿಂದ ತಿಕ್ಕಿ, ನೀರು ಕೆಂಪಾಗುವ ತನಕ. ತೊಳೆದಷ್ಟೂ ಚರ್ಮ ಒಡೆಯಿತು, ಒಡೆದಷ್ಟೂ ತೊಳೆದಳು. ಕೃಷ್ಣಾ ಸೋಪು ಬಚ್ಚಿಟ್ಟರೆ ಬೂದಿ ಹಚ್ಚಿಕೊಂಡಳು.

ಕೊನೆಗೆ ಕೊಲ್ಲಾಪುರಕ್ಕೆ ಕರೆದೊಯ್ದ. ಚರ್ಮದ ಡಾಕ್ಟರಮ್ಮ ಅವಳ ಎರಡೂ ಅಂಗೈಗಳನ್ನು ಬರಿಗೈಯಲ್ಲೇ ಹಿಡಿದು ನೋಡಿದರು. ಇದು ಸೋರಿಯಾಸಿಸ್, ಮುಟ್ಟಿದರೆ ಬರುವುದಲ್ಲ, ಮನಸ್ಸಿಗೆ ಪೆಟ್ಟಾದರೆ ಕೆರಳುತ್ತದೆ ಅಂತ ಮರಾಠಿಯಲ್ಲಿ ಬಿಡಿಸಿ ಹೇಳಿದರು. ಮುಲಾಮು ಬರೆದುಕೊಟ್ಟು, ಕೆಳಗಿನ ಮಹಡಿಯಲ್ಲಿರುವ ಮನಸ್ಸಿನ ಡಾಕ್ಟರನ್ನೂ ಕಂಡು ಹೋಗಿ ಅಂದರು. ನೂತನ ಮೆಟ್ಟಿಲಿನಲ್ಲೇ ನಿಂತುಬಿಟ್ಟಳು.

"ಈಗ ನನ್ನ ತಲೀನೂ ಕೆಟ್ಟೇತಿ ಅಂತೀರೇನ್ರಿ?"

"ಹಂಗಲ್ಲ ನೂತನ. ಒಂದೀಟು ಮಾತಾಡಿ ಬರೂಣು."

"ಕೈ ನೋಡೇ ಮಂದಿ ಹೇಸ್ಯಾರ. ಇನ್ನ ಹುಚ್ಚಿ ಅಂತ ಗೊತ್ತಾದ್ರ ನನ್ನ ಮಗಳನ್ನೂ ಯಾರೂ ಹತ್ರ ಕರಿಯಾಂಗಿಲ್ಲ."

ಅವನು ತೋಳು ಹಿಡಿದ; ಅವಳು ಬಿಡಿಸಿಕೊಂಡು ಇಳಿದು, ಮನಸ್ಸಿನ ಡಾಕ್ಟರ ಬಾಗಿಲ ಮುಂದಿನಿಂದಲೇ ಹಾದು, ಬೀದಿಗೇ ಹೋದಳು. ಹಿಂದೆ ಹೋಗುವುದರ ಹೊರತು ಅವನಿಗೆ ಬೇರೆ ದಾರಿ ಇರಲಿಲ್ಲ.

ಮುಲಾಮಿನಿಂದ ಬಿರುಕುಗಳು ಮಾಯುತ್ತ ಬಂದವು. ಆದರೆ ಧೋಂಡಿಬಾ ಎದುರು ಮನೆಯಿಂದ ಊಟದ ಡಬ್ಬಿ ಒಯ್ಯುವುದನ್ನು ಅವಳು ಕಂಡ ವಾರದಲ್ಲೇ ಮತ್ತೆ ಬಾಯಿಬಿಟ್ಟವು. ಖಾನಾವಳಿ ಮುಚ್ಚಿತು. "ನನಗರೆ ರೊಟ್ಟಿ ಬಡಿದು ಹಾಕು, ನಾ ತಿಂತೀನಿ" ಎಂದು ಕೃಷ್ಣಾ ಬೇಡಿಕೊಂಡ. "ಕನಿಕರಕ್ಕ ತಿನ್ನಬ್ಯಾಡ್ರಿ" ಎಂದು ಅವಳು ಗೋಡೆಯತ್ತ ಹೊರಳಿದಳು.

ಎರಡನೆಯ ಇಯತ್ತೆ ಓದುತ್ತಿದ್ದ ಮಗಳು ಸ್ನೇಹಲಳ ಜಡೆ ಹೆಣೆಯುವುದೂ ಈಗ ಅವನ ಪಾಲಿಗೆ ಬಂತು. ಒಂದು ಮುಂಜಾನೆ ಅವನು ಒದ್ದಾಡುತ್ತಿದ್ದಾಗ ನೂತನ ಬಾಗಿಲಿಗೆ ಬಂದು ನಿಂತಳು.

"ಬೈತಲಿ ಸೊಟ್ಟ ಆಗೇತಿ" ಅಂದಳು.

ಕೃಷ್ಣಾ ಹಣಿಗೆ ಚಾಚಿದ. "ಬಾ, ನೀನ ಹಾಕು."

ಅವಳು ಒಂದು ಹೆಜ್ಜೆ ಮುಂದಿಟ್ಟಳು. ಕೈ ಅರ್ಧ ಮೇಲೆದ್ದಿತು. ಮಗಳು ತಿರುಗಿ ನೋಡಿದ್ದೇ ತಡ, ಎರಡೂ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಒಳಗೆ ಹೋಗಿಬಿಟ್ಟಳು.

ಶಾಲೆಯ ದಾರಿಯಲ್ಲಿ ಸ್ನೇಹಲ ಕೇಳಿದಳು, "ಅಪ್ಪಾ, ಅವ್ವ ನನ್ನ ಮ್ಯಾಲೆ ಸಿಟ್ಟಾಗ್ಯಾಳೇನ?"

"ಇಲ್ಲವ್ವಾ. ಅಕೀ ಕೈ ನೋಯ್ತಾವ."

"ಹಂಗಾರ ಬಾಯಿಂದರೆ ನನ್ನ ಜೋಡಿ ಯಾಕ ಮಾತಾಡಾಂಗಿಲ್ಲ?"

ಕೃಷ್ಣಾ ಮಗಳ ಪಾಟಿಚೀಲವನ್ನು ತನ್ನ ಹೆಗಲಿಗೆ ಹಾಕಿಕೊಂಡ. ಅವಳ ಸೊಟ್ಟ ಬೈತಲೆಯ ಮೇಲೆ ಕೈಯಾಡಿಸುತ್ತ ನಡೆದ.